ಲಾಳದ ಡಬ್ಬಿಯಲ್ಲಿ ಸಿಕ್ಕ ಪದಕಗಳು: ಅಪ್ಪನ ಬಗ್ಗೆ, ಅವರ ರಾಸುಗಳ ಬಗ್ಗೆ

ಹಟ್ಟಿಹೈದ

ನಮಸ್ಕಾರ. ಇಲ್ಲಿ ಐದಾರು ವರ್ಷದಿಂದ ಓದುತ್ತಾ ಬಂದವನು ನಾನು. ಬರೆದಿದ್ದು ಕಮ್ಮಿ. ಹೋದ ತಿಂಗಳು ಅಪ್ಪ ತೀರಿಕೊಂಡರು. ಆಧಾರ್ ಕಾರ್ಡಿನ ಪ್ರಕಾರ 81 ವರ್ಷ, ಅಜ್ಜಿ ಹೇಳುತ್ತಿದ್ದ ಲೆಕ್ಕದಲ್ಲಿ ಇನ್ನೆರಡು ಜಾಸ್ತಿ. ಬೆಳಿಗ್ಗೆ ರಾಸುಗಳಿಗೆ ನೀರು ತೋರಿಸಿಕೊಂಡು ಬಂದು ಜಗಲಿ ಮೇಲೆ ಕೂತರು. ಟೀ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ನಮ್ಮದು ಚಳ್ಳಕೆರೆ ತಾಲ್ಲೂಕು, ಕಾವಲಿನ, ಅಂದರೆ ದನ ಮೇಯುವ ಹುಲ್ಲುಗಾವಲಿನ, ಅಂಚಿನ ಒಂದು ಹಟ್ಟಿ. ಕಾರ್ಯ ಎಲ್ಲ ಮುಗಿದ ಮೇಲೆ ಕೊಟ್ಟಿಗೆಯ ಗೂಡಿನಲ್ಲಿದ್ದ ಲಾಳದ ಡಬ್ಬಿ ಕೆಳಗಿಳಿಸಿದೆ. ಹಳೇ ಡಾಲ್ಡಾ ಡಬ್ಬಿ. ಒಳಗೆ ಎತ್ತಿನ ಲಾಳ, ಮೊಳೆ, ಸವೆದ ಉಳಿ, ಬೇವಿನೆಣ್ಣೆ ಸೀಸೆ. ತಳದಲ್ಲಿ ಒಂದು ಬಟ್ಟೆ ಗಂಟು. ಬಿಚ್ಚಿದರೆ ಅಪ್ಪನ ಪದಕಗಳು. ರಕ್ಷಾ ಮೆಡಲ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, 'ಹಿಮಾಲಯ' ಅಂತ ಪಟ್ಟಿ ಇರುವ ಸೈನ್ಯ ಸೇವಾ ಮೆಡಲ್. ಜೊತೆಗೆ ಹಿತ್ತಾಳೆಯ ಒಂದು ಬಕಲು. ಯಾವುದೋ ಪ್ರಾಣಿಯ ಜೀನಿನದ್ದು. ನಾನು ಅದನ್ನೆಲ್ಲ ಮೊದಲ ಸಲ ನೋಡಿದ್ದು ಆವತ್ತೇ.

ಅಪ್ಪ ಸೇನೆಯಲ್ಲಿದ್ದರು ಅಂದರೆ ಎಲ್ಲರೂ ಬಂದೂಕು ನೆನೆಸಿಕೊಳ್ಳುತ್ತಾರೆ. ಅವರ ಕೈಗೆ ಜಾಸ್ತಿ ಸಿಕ್ಕಿದ್ದು ಹಗ್ಗ. 1963ರಲ್ಲಿ, ಅಂದರೆ ಚೀನಾ ಯುದ್ಧದ ಮರುವರ್ಷ, ಸೇನೆಗೆ ಜನ ಬೇಕಾಗಿತ್ತು. ಚಿತ್ರದುರ್ಗದಲ್ಲಿ ಭರ್ತಿ ಅಂತ ಸುದ್ದಿ ಬಂತಂತೆ. ಸಾಲಿನಲ್ಲಿ ನಿಂತವರನ್ನು ಸಾಹೇಬರು 'ನಿನಗೇನು ಬರುತ್ತೆ' ಅಂತ ಕೇಳುತ್ತಾ ಬಂದರು. ಅಪ್ಪನ ಸರದಿ ಬಂದಾಗ "ದನ ಕಾಯೋದು" ಅಂದರು. ಹಿಂದೆ ನಿಂತಿದ್ದವರು ನಕ್ಕರು. ಸಾಹೇಬರು ನಗಲಿಲ್ಲ. ಆರ್ಮಿ ಸರ್ವಿಸ್ ಕೋರ್‌ನ ಅನಿಮಲ್ ಟ್ರಾನ್ಸ್‌ಪೋರ್ಟ್‌ಗೆ ಹಾಕಿದರು. ಹೇಸರಗತ್ತೆ ದಳ. ಅಪ್ಪ ಕೊನೆವರೆಗೂ 'ಖಚ್ಚರ್' ಅಂತಲೇ ಅನ್ನುತ್ತಿದ್ದರು.

16 ವರ್ಷ ಇದ್ದರು. ಸಿಕ್ಕಿಂನಲ್ಲಿದ್ದಾಗ 1967ರ ಸೆಪ್ಟೆಂಬರಿನಲ್ಲಿ ಮೇಲೆ ನಾಥು ಲಾದಲ್ಲಿ ಚೀನಾದವರ ಜೊತೆ ಗುಂಡಿನ ಕಾಳಗ ನಡೆಯಿತು. ಇವರು ಕೆಳಗಿನ ಠಾಣೆಯಲ್ಲಿ. ಹತ್ತುವಾಗ ಮದ್ದುಗುಂಡು, ಇಳಿಯುವಾಗ ಗಾಯಾಳುಗಳು. 1971ರಲ್ಲಿ ಪೂಂಚ್ ಕಡೆ. ಅದರ ಬಗ್ಗೆ ಕೇಳಿದರೆ "ಚಳಿ" ಅಂತ ಒಂದೇ ಮಾತು ಹೇಳಿ ಎದ್ದು ಹೋಗುತ್ತಿದ್ದರು. 1979ರಲ್ಲಿ ನಾಯಕ್ ಆಗಿ ನಿವೃತ್ತಿ. ಊರಿಗೆ ಬಂದ ಮರುದಿನ ಬೆಳಿಗ್ಗೆಯೇ ರಾಸು ಹೊಡೆದುಕೊಂಡು ಕಾವಲಿಗೆ ಹೋದರು. ಅಲ್ಲಿಂದ 46 ವರ್ಷ ಅದೇ ಕೆಲಸ.

ಈಗ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ 14 ರಾಸು ಇವೆ. ಅಮೃತ ಮಹಲ್ ತಳಿಯ ರಕ್ತ ಇರುವ ನಾಟಿ ರಾಸು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಂಗಿ ದಾವಣಗೆರೆಯಲ್ಲಿ. ಊರಲ್ಲಿ ಅಮ್ಮ ಒಬ್ಬಳೇ. ಏನು ಮಾಡೋದು? ಅಪ್ಪನನ್ನು ಬಲ್ಲವರು ಯಾರಾದರೂ ಇಲ್ಲಿದ್ದರೆ ಬರೆಯಿರಿ. ಇಲ್ಲದಿದ್ದರೂ ಬರೆಯಿರಿ.

ಬಯಲುಸೀಮೆ

ಅಣ್ಣ, ತುಂಬಾ ಬೇಜಾರಾಯ್ತು. ನೀರು ತೋರಿಸಿಕೊಂಡು ಬಂದು ಹೋದರು ಅಂದ್ರಲ್ಲ, ಅದು ಪುಣ್ಯ. ನಿಮ್ಮ ಕಡೆ ದೇವರ ಎತ್ತುಗಳು ಅಂತ ಇರುತ್ತಲ್ವಾ, ರೊಪ್ಪದಲ್ಲಿ ಕಿಲಾರಿಗಳು ಕಾಯೋದು, ಇವು ಅವೇನಾ?

ಹಟ್ಟಿಹೈದ

ಅಲ್ಲ. ದೇವರ ಎತ್ತು ಬೇರೆ. ಅವು ದೇವರ ಹೆಸರಿನಲ್ಲಿ ಬಿಟ್ಟವು, ಅವನ್ನು ಮಾರೋ ಹಾಗಿಲ್ಲ, ದುಡಿಸೋ ಹಾಗಿಲ್ಲ, ರೊಪ್ಪಕ್ಕೆ ಮಡಿ ಇದೆ. ನಮ್ಮ ಮುತ್ತಜ್ಜ ಕಿಲಾರಿ ಆಗಿದ್ದರಂತೆ. ಇವು ಮನೆ ರಾಸು. ಹೋರಿಗರು ಬೆಳೆಸಿ ಜೋಡಿ ಮಾಡಿ ಮಾರೋದು, ಗೊಬ್ಬರ ಮಾರೋದು, ಅಷ್ಟೇ.

ಕೊಡಗಿನ ಫೌಜಿ

ತಮ್ಮಾ, ನಾನೂ ಎಟಿ, ಅಂದರೆ ಅನಿಮಲ್ ಟ್ರಾನ್ಸ್‌ಪೋರ್ಟ್, ಕಂಪನಿಯಲ್ಲೇ ಇದ್ದವನು. ನಿಮ್ಮ ತಂದೆಗಿಂತ ಹತ್ತು ಹದಿನೈದು ವರ್ಷ ಚಿಕ್ಕವನು, ಒಟ್ಟಿಗೆ ಇರಲಿಲ್ಲ. ಆದರೂ ಅವರ ಅರ್ಧ ಆಯುಷ್ಯ ನನಗೆ ಗೊತ್ತು ಅಂತಲೇ ಇಟ್ಟುಕೋ.

ಎಟಿ ಡ್ರೈವರ್ ಅಂದರೆ ಜನ ಲಾರಿ ಡ್ರೈವರ್ ಅಂದುಕೊಳ್ಳುತ್ತಾರೆ. ನಮ್ಮ ಗಾಡಿಗೆ ನಾಲ್ಕು ಕಾಲು, ಜೊತೆಗೆ ಒದೆ. ಬೆಳಿಗ್ಗೆ ಎದ್ದರೆ ಮೊದಲು ಜನಾವರ್, ಆಮೇಲೆ ನಾವು. ಖರಾರಾ ಹಾಕಿ ಮೈ ಉಜ್ಜಬೇಕು, ಮಾಲಿಶ್ ಮಾಡಬೇಕು, ಗೊರಸು ಎತ್ತಿ ಕಲ್ಲು ತೆಗೆಯಬೇಕು. ಮೊದಲು ನೀರು, ಆಮೇಲೆ ದಾಣಿ. ಇದು ಹಿಂದೆಮುಂದೆ ಆದರೆ ಹೊಟ್ಟೆನೋವು ಬಂದು ಹೊರಳಾಡುತ್ತವೆ. ಒಂದು ಖಚ್ಚರ್ ಬೆನ್ನ ಮೇಲೆ ಎರಡು ಮಣ, ಅಂದರೆ ಎಪ್ಪತ್ತು ಕಿಲೋಗಿಂತ ಸ್ವಲ್ಪ ಮೇಲೆ. ಎರಡೂ ಕಡೆ ಸಮ ತೂಗಬೇಕು. ಜೀನಿನ ಕೆಳಗೆ ಹಾಸುವ ಕಂಬಳಿಯಲ್ಲಿ ಒಂದು ಸುಕ್ಕು ಉಳಿದರೂ ಸಂಜೆಗೆ ಬೆನ್ನು ಹುಣ್ಣು. ಖಚ್ಚರ್‌ಗೆ ಹುಣ್ಣಾದರೆ ಶಿಕ್ಷೆ ಡ್ರೈವರ್‌ಗೆ. ಅದಕ್ಕೆ ನಮ್ಮಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ಹಾಸಿಗೆಯಲ್ಲಿ ಸುಕ್ಕು ಕಂಡರೆ ಕೈ ತಾನಾಗಿ ಹೋಗುತ್ತೆ. ನನ್ನ ಹೆಂಡತಿ ನಗುತ್ತಾಳೆ.

ತೋಪು ಹೊರುವ ಖಚ್ಚರ್‌ಗಳು ಇನ್ನೂ ಗಟ್ಟಿ. ಹಳೇ 3.7 ಇಂಚಿನ ಪರ್ವತ ತೋಪನ್ನು ಬಿಚ್ಚಿ ಎಂಟು ಖಚ್ಚರ್‌ಗಳ ಮೇಲೆ ಹೇರುತ್ತಿದ್ದರು. ರಸ್ತೆ ಮುಗಿದಲ್ಲಿಂದ ಆಚೆ ಸೇನೆ ನಡೆಯೋದು ಈ ಪ್ರಾಣಿಯ ಕಾಲಲ್ಲಿ. 1999ರ ಕಾರ್ಗಿಲ್‌ನಲ್ಲೂ ಗುಡ್ಡದ ಮೇಲಕ್ಕೆ ಸಾಮಾನು ಹೊತ್ತವು. 2025ರ ಜನವರಿಯಲ್ಲಿ ಪುಣೆಯ ಸೇನಾ ದಿನದ ಪರೇಡ್‌ನಲ್ಲಿ ರೋಬೋ ಖಚ್ಚರ್ ನಡೆಸಿದರು, ಟಿವಿಯಲ್ಲಿ ನೋಡಿದೆ. ಚೆನ್ನಾಗಿತ್ತು. ಆದರೆ ಅದು ಗುಂಡಿನ ಶಬ್ದಕ್ಕೆ ಕಿವಿ ಹಿಂದಕ್ಕೆ ಮಾಡಲ್ಲ. ನಮಗೆ ಅಪಾಯ ಮೊದಲು ಗೊತ್ತಾಗುತ್ತಿದ್ದಿದ್ದು ಆ ಕಿವಿಯಿಂದ.

ನಿಮ್ಮ ತಂದೆ ಪೆಡೊಂಗಿ ಕಥೆ ಹೇಳಿರಬೇಕಲ್ಲ? ಹೇಳದೇ ಇದ್ದರೆ ಅವರು ಎಟಿಯವರೇ ಅಲ್ಲ!

ಹಟ್ಟಿಹೈದ

ಪೆಡೊಂಗಿ! ಸಾರ್, ಅಪ್ಪ ಹೇಳಿದ ಒಂದೇ ಒಂದು ಯುದ್ಧದ ಕಥೆ ಅದು. ಅದು ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ.

ಕೊಡಗಿನ ಫೌಜಿ

ಊರಿನ ಹೆಸರೇ. ಕಾಲಿಂಪಾಂಗ್ ಹತ್ತಿರದ ಪೆಡೊಂಗ್‌ನಿಂದ ಬಂದಿದ್ದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೆಣ್ಣು ಖಚ್ಚರ್, ಸ್ಪೇನ್ ತಳಿ, 1962ರಲ್ಲಿ ಸೇನೆಗೆ ಬಂತು. ಆಗ ಅದಕ್ಕೆ ಹೆಸರಿಲ್ಲ, ಗೊರಸಿನ ಮೇಲೆ ಬರೆ ಹಾಕಿದ ನಂಬರ್ ಮಾತ್ರ. 1971ರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿತು. ಅವರು ಅದರ ಬೆನ್ನ ಮೇಲೆ ತಮ್ಮ ಮಷೀನ್ ಗನ್ನು, ಮದ್ದು ಹೇರಿದರು. ಅದು ಹಗ್ಗ ತಪ್ಪಿಸಿಕೊಂಡು, ಹೊರೆ ಸಮೇತ, ಗುಡ್ಡ ದಾಟಿ ವಾಪಸು ನಮ್ಮ ಠಾಣೆಗೆ ಬಂತು. ಯಾರೂ ಅಟ್ಟಲಿಲ್ಲ, ಯಾರೂ ಕರೆಯಲಿಲ್ಲ. ಮುಪ್ಪಿನಲ್ಲಿ ಅದಕ್ಕೆ ನೀಲಿ ಮಖಮಲ್ಲಿನ ಹೊದಿಕೆ ಹೊದಿಸಿ ಸನ್ಮಾನ ಮಾಡಿದರು. ಗಿನ್ನೆಸ್ ಪುಸ್ತಕದಲ್ಲೂ ಹೆಸರು ಬಂತು. 1998ರಲ್ಲಿ ಬರೇಲಿಯಲ್ಲಿ ಸತ್ತಿತು.

ಇನ್ನೊಂದು ಕೆಲಸದ ಮಾತು. ತಾಯಿಯವರ ಕುಟುಂಬ ಪಿಂಚಣಿ ಮಾಡಿಸಿದ್ದೀರಾ? ಮರಣ ಪ್ರಮಾಣಪತ್ರ, ಪಿಪಿಒ (ಪಿಂಚಣಿ ಆದೇಶದ ಕಾಗದ), ತಾಯಿಯ ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ನಿಮ್ಮ ಜಿಲ್ಲೆ ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಈಗ ಎಲ್ಲ ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ಆಗುತ್ತೆ. ಡಿಸ್ಚಾರ್ಜ್ ಪುಸ್ತಕದಲ್ಲಿ ತಾಯಿಯ ಹೆಸರು ಹೇಗಿದೆ ಅಂತ ಮೊದಲು ನೋಡಿ. ನಮ್ಮ ಕಾಲದ ಕ್ಲರ್ಕ್‌ಗಳು ದಕ್ಷಿಣದ ಹೆಸರುಗಳನ್ನು ಬರೆದ ಚೆಂದ ದೇವರೇ ಬಲ್ಲ.

ಹಳೇಕಡತ

ಸಂತಾಪಗಳು. ಒಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ನಿದ್ದೆ ಬರಲ್ಲ. ಸೇನೆಯಲ್ಲಿ ಹೇಸರಗತ್ತೆ ನಡೆಸಿದವರು ಮನೆಗೆ ಬಂದು ಅಮೃತ ಮಹಲ್ ಸಾಕಿದರು ಅಂದರೆ, ಅವರು ಸೇನೆಯ ಒಂದು ಪ್ರಾಣಿ ಬಿಟ್ಟು ಇನ್ನೊಂದು ಪ್ರಾಣಿ ಹಿಡಿದರು ಅಷ್ಟೇ.

ಮೈಸೂರು ಅರಸರ ಕಾಲದಲ್ಲಿ, ಚಿಕ್ಕದೇವರಾಜ ಒಡೆಯರ ಹೊತ್ತಿಗೆ, ಅರಮನೆಯ ಈ ಮಂದೆ ನೋಡಿಕೊಳ್ಳುವ ಇಲಾಖೆ 'ಬೆಣ್ಣೆ ಚಾವಡಿ'. ಹೆಸರೇ ಹೇಳುವಂತೆ ಅರಮನೆಗೆ ಹಾಲು ಬೆಣ್ಣೆ. ಹೈದರ್ ಅಲಿ ಅದನ್ನು ಯುದ್ಧಕ್ಕೆ ತಿರುಗಿಸಿದ. ತೋಪು ಎಳೆಯೋಕೆ, ಸಾಮಾನು ಸಾಗಿಸೋಕೆ. ಇವುಗಳ ಬಲದಿಂದ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಂ ಮುಟ್ಟಿದ ಅಂತ ಹಳೇ ಗೆಜೆಟಿಯರ್‌ನಲ್ಲಿ ಇದೆ. 'ಅಮೃತ ಮಹಲ್' ಅಂತ ಹೆಸರಿಟ್ಟಿದ್ದು ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಖಜಾನೆಯ ಜೊತೆ ಇವುಗಳನ್ನೂ ವಶ ಮಾಡಿಕೊಂಡರು. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ ಇವನ್ನು ದಂಡಯಾತ್ರೆಯಲ್ಲಿ ಬಳಸಿದ. ಯೂರೋಪಿನ ಯುದ್ಧಕ್ಕೆ ಹೋದಾಗ ಈ ಎತ್ತುಗಳು ಇಲ್ಲವಲ್ಲ ಅಂತ ಹಲುಬಿದ.

ಮುಂದಿನದ್ದು ನನಗೆ ಇಷ್ಟ. 1860ರಲ್ಲಿ ಖರ್ಚು ಉಳಿಸೋಕೆ ಅಂತ ಸರ್ಕಾರ ಮಂದೆಯನ್ನೆಲ್ಲ ಮಾರಿಬಿಟ್ಟಿತು. ಆಮೇಲೆ ಒಳ್ಳೆ ಎತ್ತು ಎಲ್ಲೂ ಸಿಗಲಿಲ್ಲ. ಆರೇ ವರ್ಷಕ್ಕೆ, 1866ರಲ್ಲಿ, ಮತ್ತೆ ಕಟ್ಟೋಕೆ ಕೂತರು. ಮಾರೋದು ಒಂದು ದಿನದ ಕೆಲಸ ನೋಡಿ.

ಮತ್ತೆ ಕಾವಲು ಅಂದರೆ ಸುಮ್ನೆ ಬೀಳು ಜಮೀನಲ್ಲ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ. ಬೇಸಿಗೆಯವು ಹೆಚ್ಚಾಗಿ ಕೆರೆ ಅಂಗಳದ ಪಕ್ಕ. ಮಂದೆ ಒಂದರಿಂದ ಒಂದಕ್ಕೆ ನಡೆಯುತ್ತಿತ್ತು. ಒಂದನ್ನು ತೆಗೆದರೆ ವರ್ಷದ ಮೂರನೇ ಒಂದು ಭಾಗವೇ ಹೋಯಿತು ಅಂತ ಲೆಕ್ಕ.

ರಾಸುಡಾಕ್ಟರ್

ನಾನು ಪಶುವೈದ್ಯೆ. ಈಗ ಬೇರೆ ಜಿಲ್ಲೆಯಲ್ಲಿದ್ದೇನೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಆ ಭಾಗದ ಹಟ್ಟಿಗಳಿಗೆ ಲಸಿಕೆ ಹಾಕೋಕೆ ಓಡಾಡಿದ್ದೆ. ಹಟ್ಟಿಹೈದ ಅವರೇ, ನಿಮ್ಮ ತಂದೆ ಎಡ ಕಿವಿ ಸ್ವಲ್ಪ ಮಂದ ಇದ್ದವರು, ಖಾಕಿ ಜರ್ಕಿನ್ ಹಾಕಿಕೊಳ್ಳುತ್ತಿದ್ದವರು ಅಲ್ವಾ? ಹೌದಾದರೆ ನನಗೆ ಗೊತ್ತು.

ಆ ವರ್ಷ ನಾನು ಹೋದ ಕಡೆಯೆಲ್ಲ ಗಲಾಟೆ. ರಾಸು ಹಿಡಿಯೋರಿಲ್ಲ, ರೋಗದ್ದು ಯಾವುದು ಆರೋಗ್ಯದ್ದು ಯಾವುದು ಗೊತ್ತಿಲ್ಲ, ಎಲ್ಲ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತಿವೆ. ಈ ಹಟ್ಟಿಗೆ ಹೋದರೆ ಅಜ್ಜ ಒಬ್ಬರು ನೆಟ್ಟಗೆ ನಿಂತು "ಒಟ್ಟು ಇಪ್ಪತ್ತೊಂದು. ಹಾಜರ್ ಹದಿನೈದು. ಸಿಕ್ ಲೈನ್ ಆರು" ಅಂದರು. ನಾನು ಗಾಬರಿಯಾಗಿ ಹೌದು ಸಾರ್ ಅಂದೆ!

ಆರು ರಾಸುಗಳನ್ನು ಗಾಳಿ ಬೀಸುವ ದಿಕ್ಕಿಗೆ ಅಡಿಯಲ್ಲಿ, ಬಹಳ ದೂರ ಕಟ್ಟಿದ್ದರು. ಅವಕ್ಕೆ ಬೇರೆ ಬಕೆಟ್, ಬೇರೆ ಹಗ್ಗ. ನೋಡಿಕೊಳ್ಳೋಕೆ ಬೇರೆ ಆಳು, ಅವನು ಈ ಕಡೆ ಬರುವ ಹಾಗಿಲ್ಲ. ನೊಣಕ್ಕೆ ಸಂಜೆ ಬೇವಿನ ಸೊಪ್ಪಿನ ಹೊಗೆ. ಆ ರೋಗ ನೊಣ, ಸೊಳ್ಳೆ, ಉಣ್ಣೆಯಿಂದಲೇ ಹರಡೋದು. ನಾನು ಹೇಳಿಕೊಡಬೇಕಾದದ್ದನ್ನೆಲ್ಲ ಅವರು ಮೊದಲೇ ಮಾಡಿ ಮುಗಿಸಿದ್ದರು. ನಾನು ಆಡು ಸಿಡುಬಿನ ಲಸಿಕೆ ಹಾಕಿದೆ, ಆಗ ಅದನ್ನೇ ಕೊಡುತ್ತಿದ್ದದ್ದು. ನಾಲ್ಕು ಹೋದವು, ಎರಡು ಉಳಿದವು. ಗುಂಡಿ ಆಳ ತೋಡಿ, ಸುಣ್ಣ ಹಾಕಿ ಹೂಳಿಸಿದರು. ನಾಲ್ಕನೆಯದನ್ನು ಹೂಳುವಾಗ ನಾನಿದ್ದೆ. ಮಣ್ಣು ಮುಚ್ಚಿದ ಮೇಲೆ ಅಜ್ಜ ಬಿಳಿ ಟವೆಲ್ ತಲೆಯಿಂದ ತೆಗೆದು ಕೈಯಲ್ಲಿ ಹಿಡಿದು ಒಂದು ನಿಮಿಷ ನಿಂತರು. ಪಕ್ಕದಲ್ಲೇ ಒಬ್ಬ ಅಜ್ಜಿ ಸುಣ್ಣದ ಬುಟ್ಟಿ ಹಿಡಿದು ನಿಂತಿದ್ದರು. ಅದು ನಿಮ್ಮ ತಾಯಿ ಇರಬೇಕು.

ಹಟ್ಟಿಹೈದ

ಹೌದು ಮೇಡಂ. ಅವರೇ. ಎಡ ಕಿವಿ ಪೂಂಚ್‌ನಲ್ಲಿ ಹೋಗಿದ್ದು.

ಲೆಕ್ಕದವ

ಎಲ್ಲರೂ ಭಾವುಕರಾಗಿದ್ದೀರಿ, ನಾನು ಸ್ವಲ್ಪ ಕಹಿ ಹೇಳುತ್ತೇನೆ, ಬೈಯಬೇಡಿ. ನಮ್ಮ ಮನೆಯಲ್ಲೂ ಇತ್ತು, ಮಾರಿದೆವು. ಅಮೃತ ಮಹಲ್ ಹಸು ಹಾಲು ಕೊಡೋದು ಕರುವಿಗೆ ಮಾತ್ರ. ಅದನ್ನೂ ಕರೆಯೋಕೆ ಹೋದರೆ ಒದೆ. ಉಳುಮೆಗೆ ಟ್ರಾಕ್ಟರ್ ಬಂದಿದೆ. ಶೇಂಗಾ ಹೊಟ್ಟು, ರಾಗಿ ಹುಲ್ಲು ರೇಟ್ ಕೇಳಿದರೆ ತಲೆ ತಿರುಗುತ್ತೆ. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಬಂದ ಮೇಲೆ ಮುದಿ ರಾಸು ಕೊಳ್ಳೋರೂ ಇಲ್ಲ. 14 ರಾಸು, ಒಬ್ಬ ವಯಸ್ಸಾದ ತಾಯಿ. ಹರಾಜಿಗೆ ಬರುವ ಒಳ್ಳೆ ರೈತರು ಬೀರೂರು, ಅಜ್ಜಂಪುರ ಕಡೆ ಇದ್ದಾರೆ. ಜೋಡಿ ಹೋರಿಗೆ ಲಕ್ಷದ ಮೇಲೆ ಕೊಡುವವರಿದ್ದಾರೆ. ಕೊಟ್ಟು ತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ.

ಬಯಲುಸೀಮೆ

ಲೆಕ್ಕದವರೇ, ನಿಮ್ಮ ಲೆಕ್ಕ ಸರಿ ಇದೆ. ಅದೇ ಬೇಜಾರು.

ಹಟ್ಟಿಹೈದ

ಬೈಯಲ್ಲ. ನಾನೂ ಅದನ್ನೇ ಯೋಚನೆ ಮಾಡಿದ್ದು. ಆದರೆ ಮಾರೋದು ಅಂದ ಕೂಡಲೇ ಅಪ್ಪ ಮಾರುತ್ತಿದ್ದ ರೀತಿ ನೆನಪಾಗುತ್ತೆ.

ಸಂತೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲಿ ರೇಟ್ ಮಾತಾಡೋದು ನೋಡಿದ್ದೀರಲ್ಲ. ಅಪ್ಪ ಕೈ ಕೊಡುತ್ತಿರಲಿಲ್ಲ. "ಬಾಯಲ್ಲಿ ಹೇಳು, ಎತ್ತೂ ಕೇಳಿಸಿಕೊಳ್ಳಲಿ" ಅನ್ನುತ್ತಿದ್ದರು. ದಲ್ಲಾಳಿಗಳಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ರೇಟ್ ಒಪ್ಪಿಗೆಯಾದರೂ ವ್ಯಾಪಾರ ಮುಗಿಯುತ್ತಿರಲಿಲ್ಲ. ಕೊಳ್ಳುವವನು ತನ್ನ ಹಳೇ ಎತ್ತುಗಳನ್ನು ತೋರಿಸಬೇಕು. ಅಪ್ಪ ಅವುಗಳ ಹೆಗಲು ಮುಟ್ಟಿ ನೋಡುತ್ತಿದ್ದರು. ನೊಗದ ಹುಣ್ಣು ಕಂಡರೆ ಮುಂಗಡ ವಾಪಸು. ಒಂದು ಸಲ ನಾಯಕನಹಟ್ಟಿ ಜಾತ್ರೆ ಹತ್ತಿರ ಬಂದಿತ್ತು, ನನ್ನ ಕಾಲೇಜು ಫೀಸಿಗೆ ಅಂತ ಹೊಡೆದುಕೊಂಡು ಹೋದ ಜೋಡಿಯನ್ನು ಹಾಗೇ ವಾಪಸು ತಂದರು. ನಾನು ಎರಡು ದಿನ ಮಾತು ಬಿಟ್ಟಿದ್ದೆ. ಕೊಡಗಿನ ಸಾರ್ ಕಂಬಳಿ ಸುಕ್ಕಿನ ಕಥೆ ಬರೆದಾಗ ನನಗೆ ಮೊದಲ ಸಲ ಅರ್ಥವಾಯಿತು, ಆ ಹೆಗಲು ಮುಟ್ಟಿ ನೋಡೋದು ಎಲ್ಲಿಂದ ಬಂತು ಅಂತ.

ಜಮೀನಿನ ಕಥೆ ಸಣ್ಣದಾಗಿ ಹೇಳುತ್ತೇನೆ. ಮಾಜಿ ಸೈನಿಕರಿಗೆ ಸರ್ಕಾರಿ ಜಮೀನು ಮಂಜೂರಾತಿಯಲ್ಲಿ ಪಾಲು ಇದೆ ಅಂತ 1980ರಲ್ಲಿ ಅರ್ಜಿ ಹಾಕಿದರು. 11 ವರ್ಷ ಓಡಾಡಿದರು. ಯಾವ ಕಚೇರಿ ಅಂತ ಬರೆಯಲ್ಲ. ಪ್ರತಿ ಸಲ ಬಟ್ಟೆ ಇಸ್ತ್ರಿ ಮಾಡಿಕೊಂಡು ಹೋಗುತ್ತಿದ್ದರು, ಸಂಜೆ ಸುಕ್ಕಾಗಿ ಬರುತ್ತಿದ್ದರು. ಕೊನೆಗೆ ಎರಡು ಎಕರೆ ಕಲ್ಲುಭೂಮಿ ಸಿಕ್ಕಿತು. ಕಲ್ಲು ಆರಿಸಿ ಆರಿಸಿ ಸುತ್ತ ಗೋಡೆ ಕಟ್ಟಿದರು. ಅದರಲ್ಲಿ ಬೆಳೆದದ್ದು ಹುರುಳಿ, ಸಜ್ಜೆ. ತಿಂದಿದ್ದು ಹೆಚ್ಚಾಗಿ ರಾಸುಗಳು.

ಇನ್ನು ಕಾವಲು. ನಮ್ಮ ತಾಲ್ಲೂಕಿನ ವಿಷಯ ಪೇಪರ್ ಓದುವವರಿಗೆ ಗೊತ್ತು. 2009-10ರ ಹೊತ್ತಿಗೆ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಸರಿ ತಪ್ಪು ಇಲ್ಲಿ ಬೇಡ, ಅದಕ್ಕೇ ಬೇರೆ ಎಳೆ ಇದೆ. ನಾನು ಹೇಳೋದು ಅಪ್ಪನ ಪಾಡು. ಊರಿನವರು ಹೋರಾಟಕ್ಕೆ ಕರೆದರು, "ನೀನು ಮಿಲ್ಟ್ರಿಯವನು, ನಿನ್ನ ಮಾತು ಕೇಳ್ತಾರೆ" ಅಂದರು. ಸೇನೆಗೆ ಬೇಕು ಅಂದಾಗ ಇಲ್ಲ ಅನ್ನೋಕೆ ಅವರ ಬಾಯಿ ಬರಲ್ಲ. ರಾಸಿಗೆ ಹುಲ್ಲಿಲ್ಲ ಅಂದಾಗ ಸುಮ್ಮನಿರೋಕೂ ಆಗಲ್ಲ. ಸಭೆಗೆ ಹೋದರು, ಹಿಂದಿನ ಸಾಲಲ್ಲಿ ಕೂತರು, ಕೊನೆಯಲ್ಲಿ ಎದ್ದು "ದಾರಿ ಬಿಡಲಿ, ನೀರಿಗೆ ದಾರಿ ಬಿಡಲಿ" ಅಂತ ಅಷ್ಟೇ ಹೇಳಿ ಕೂತರು. ಎರಡೂ ಕಡೆಯವರಿಗೂ ಸಮಾಧಾನವಾಗಲಿಲ್ಲ. ಆ ವರ್ಷ ಮಂದೆ ನಲವತ್ತರ ಹತ್ತಿರ ಇತ್ತು. ಆಮೇಲೆ ಇಳಿಯುತ್ತಾ ಬಂತು.

ಹಳೇಕಡತ

ಯುದ್ಧದ ಎತ್ತುಗಳಿಗೆ ಅಂತ ಇಟ್ಟ ಹುಲ್ಲುಗಾವಲು ತಿರುಗಿ ಯುದ್ಧದ ಕೆಲಸಕ್ಕೇ ಹೋಯಿತು, ಈ ಸಲ ಎತ್ತುಗಳನ್ನು ಬಿಟ್ಟು. ಇದರ ಮೇಲೆ ಏನೂ ಹೇಳಲ್ಲ, ನೀವು ಬೇರೆ ಎಳೆ ಅಂದಿರಿ.

ಟೆಕ್ಸಸ್ ಕನ್ನಡಿಗ

ಇಲ್ಲಿ ನಾನಿರುವ ಊರು ಚಿಕ್ಕದು, ಸುತ್ತ ದನದ ರ‍್ಯಾಂಚುಗಳು. ಊರಿನ ಪೇಪರ್‌ನಲ್ಲಿ ತೀರಿಕೊಂಡವರ ಬಗ್ಗೆ ಅರ್ಧ ಪುಟ ಬರೆಯುತ್ತಾರೆ. ಕೊರಿಯಾ ಯುದ್ಧದಲ್ಲಿದ್ದರು, ವಿಯೆಟ್ನಾಂನಲ್ಲಿದ್ದರು, ಆಮೇಲೆ ದನ ಸಾಕಿದರು, ಇಂಥ ಕುದುರೆ ಅಂದರೆ ಪ್ರಾಣ, ಅಂತೆಲ್ಲ. ಸೇನೆಯಲ್ಲಿದ್ದವರ ಮನೆಯವರಿಗೆ ಬಾವುಟವನ್ನು ತ್ರಿಕೋನವಾಗಿ ಮಡಿಸಿ ಕೈಗೆ ಕೊಡುತ್ತಾರೆ. ಇದನ್ನೆಲ್ಲ ಓದುವಾಗ ನಮ್ಮ ಕಡೆ ಇಂಥವರು ಇಲ್ಲವೇನೋ ಅನ್ನಿಸುತ್ತಿತ್ತು. ನನ್ನದೇ ತಪ್ಪು. ನಮ್ಮಲ್ಲಿ ಇದ್ದಾರೆ, ಬರೆಯಲ್ಲ. ಹೆಚ್ಚೆಂದರೆ ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್.

ನಿಮ್ಮ ತಂದೆಯವರಿಗೆ ಏನಾದರೂ ಗೌರವ ಸಿಕ್ಕಿತಾ?

ಹಟ್ಟಿಹೈದ

ತಾಲ್ಲೂಕಿನ ಮಾಜಿ ಸೈನಿಕರು ಐದು ಜನ ಹೂಮಾಲೆ ತಂದರು. ಬ್ಯಾಂಡು ತುತ್ತೂರಿ ಏನಿಲ್ಲ. ಒಬ್ಬರು ಫೋನಿನಲ್ಲಿ ಲಾಸ್ಟ್ ಪೋಸ್ಟ್, ಅಂದರೆ ಸೈನಿಕರಿಗೆ ಕೊನೆಯ ಗೌರವಕ್ಕೆ ಊದುವ ತುತ್ತೂರಿ, ಹಾಕಿದರು, ಮಧ್ಯದಲ್ಲಿ ಜಾಹೀರಾತು ಬಂತು. ಅಪ್ಪ ಇದ್ದಿದ್ದರೆ ನಗುತ್ತಿದ್ದರು.

ಹಟ್ಟಿಹೈದನ ತಂಗಿ

ಈ ಎಳೆಯ ಕೊಂಡಿಯನ್ನು ನನಗೆ ಕಳಿಸಿದ್ದು ನನ್ನ ಗಂಡ. ಅಣ್ಣ, ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀಯ. ಆದರೆ ಅಮ್ಮನ ಬಗ್ಗೆ ಏನು ಬರೆದಿದ್ದೀಯ ನೋಡಿಕೋ. 'ಊರಲ್ಲಿ ಅಮ್ಮ ಒಬ್ಬಳೇ.' ಅಷ್ಟೇ. ಸುಣ್ಣದ ಬುಟ್ಟಿಯನ್ನು ನೆನಪಿಟ್ಟವರು ಡಾಕ್ಟರ್ ಮೇಡಂ, ನೀನಲ್ಲ.

ಬೇರೆಯವರಿಗೆ ಹೇಳುತ್ತೇನೆ. ಅಪ್ಪ ಅಮ್ಮನ ಮದುವೆ ಆಗಿದ್ದು 1968ರಲ್ಲಿ, ರಜೆಯಲ್ಲಿ. ಅಪ್ಪ ನಿವೃತ್ತಿಯಾಗಿ ಬಂದಿದ್ದು 1979. ಆ 11 ವರ್ಷ ಅಪ್ಪ ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿ. ಉಳಿದ ಹತ್ತು ತಿಂಗಳು ಮಂದೆ ಕಾದದ್ದು ಯಾರು? ಅಜ್ಜನಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ. ಅಮ್ಮ.

1972-73ರ ಬರ ಕೇಳಿದ್ದೀರಲ್ಲ. ಕಾವಲಿನಲ್ಲಿ ಹಂಚಿ ಹುಲ್ಲಿನ ಬುಡವೂ ಉಳಿಯಲಿಲ್ಲವಂತೆ. ಜನ ರಾಸುಗಳನ್ನು ಬಿಟ್ಟಿ ಕೊಟ್ಟರು. ಅಮ್ಮ ಇನ್ನೊಂದು ಹಟ್ಟಿಯವರ ಜೊತೆ ಸೇರಿ ಮಂದೆ ಹೊಡೆದುಕೊಂಡು ಮಾರಿಕಣಿವೆ (ವಾಣಿ ವಿಲಾಸ ಸಾಗರ) ಹಿನ್ನೀರಿನ ಕಡೆ ನಡೆದಳು. ನಾಲ್ಕು ದಿನದ ದಾರಿ. ಅಣ್ಣ ಆಗ ಕಂಕುಳ ಕೂಸು. ಅಲ್ಲಿ ಮೂರು ತಿಂಗಳು ಮರದ ಕೆಳಗೆ. ಮನಿಯಾರ್ಡರ್ ಊರಿಗೆ ಬರುತ್ತಿತ್ತು, ಅವಳು ಊರಲ್ಲಿರಲಿಲ್ಲ. ಹಣವಿಲ್ಲದೆ ಸೊಪ್ಪು, ಗೆಣಸು ತಿಂದು ಇದ್ದಳು. ಮಳೆ ಬಂದ ಮೇಲೆ ವಾಪಸು ಬಂದಾಗ ಎರಡೇ ರಾಸು ಕಮ್ಮಿ. ಅಪ್ಪ ರಜೆಗೆ ಬಂದವರು ಮೊದಲು ಕೊಟ್ಟಿಗೆಗೆ ಹೋಗಿ ಎಣಿಸಿದರಂತೆ. "ಎರಡು ಎಲ್ಲಿ?" ಅಂತ ಕೇಳಿದರಂತೆ. ನಿನ್ನನ್ನು ಆಮೇಲೆ ಎತ್ತಿಕೊಂಡಿದ್ದು, ಅಣ್ಣ.

ಅಪ್ಪ ಕೆಟ್ಟವರು ಅಂತ ಹೇಳುತ್ತಿಲ್ಲ. ನನಗೆ ಅವರೆಂದರೆ ಪ್ರಾಣ. ನನ್ನ ಜಡೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದವರು ಅವರೇ, ಖಚ್ಚರ್ ಬಾಲಕ್ಕೆ ಹಾಕಿ ಹಾಕಿ ಕಲಿತಿದ್ದು ಅಂತ ಹೇಳಿಕೊಂಡು. ಆದರೆ ಸಿಟ್ಟು ಬಂದರೆ ಮನೆಯೆಲ್ಲ ಪರೇಡ್ ಮೈದಾನ. ಮಳೆಯಲ್ಲಿ ಒಂದು ಕರು ತಪ್ಪಿಸಿಕೊಂಡಿದ್ದಕ್ಕೆ ನಿನ್ನನ್ನು ರಾತ್ರಿಯೆಲ್ಲ ಹುಡುಕಲು ಕಳಿಸಿದ್ದು ಮರೆತೆಯಾ? ಅವತ್ತು ಲಾಟೀನು ಹಿಡಿದು ನಿನ್ನ ಹಿಂದೆ ಬಂದವಳೂ ಅಮ್ಮನೇ.

ಪದಕ ಸಿಕ್ಕಿದ್ದು ಲಾಳದ ಡಬ್ಬಿಯಲ್ಲಿ ಅಂತ ಬರೆದೆಯಲ್ಲ, ಅಲ್ಲಿ ಇಟ್ಟವರು ಯಾರು ಅಂತ ಕೇಳಿದೆಯಾ?

ಬಯಲುಸೀಮೆ

ಅಕ್ಕ, ನಿಮಗೆ ನಮಸ್ಕಾರ. ಈ ಎಳೆಯ ತಲೆಬರಹ ಬದಲಾಯಿಸಬೇಕು ಅನ್ನಿಸುತ್ತಿದೆ.

ಕೊಡಗಿನ ಫೌಜಿ

ತಂಗಿ, ಸರಿಯಾಗಿ ಹೇಳಿದೆಯಮ್ಮ. ನಾವು ರಜೆಗೆ ಬಂದರೆ ಊರೆಲ್ಲ ಸಲಾಮು. ಎರಡು ತಿಂಗಳ ರಾಜರು ನಾವು. ನನ್ನ ಹೆಂಡತಿಗೆ ಈ ಎಳೆ ಓದಿ ಹೇಳಿದೆ. "ಈಗ ಗೊತ್ತಾಯ್ತಾ" ಅಂದಳು. ಒಳಗೆ ಹೋಗಿ ಕಾಫಿ ಮಾಡಿ ತಂದೆ, ನಾನೇ.

ರಾಸುಡಾಕ್ಟರ್

ಇಷ್ಟು ಮಾತಾದ ಮೇಲೆ ಒಂದು ಕೆಲಸದ ಸಲಹೆ. 14ರಲ್ಲಿ ಎಷ್ಟು ಹಸು, ಎಷ್ಟು ಕರು, ಬೀಜದ ಹೋರಿ ಇದೆಯಾ? ಒಂದೇ ಹೋರಿ ಬಹಳ ವರ್ಷದಿಂದ ಇದ್ದರೆ ಬದಲಾಯಿಸಬೇಕು, ಇಲ್ಲದಿದ್ದರೆ ಒಳಸಂಬಂಧ ಆಗಿ ತಳಿ ಕುಗ್ಗುತ್ತೆ. ತಾಯಿಯವರಿಗೆ ಕಷ್ಟ ಅಂದರೆ ಹಸುಗಳನ್ನು ಉಳಿಸಿಕೊಂಡು ಹೋರಿಗರುಗಳನ್ನು ಮಾತ್ರ ಕೊಡಬಹುದು. ಪೂರ್ತಿ ಮಾರೋಕೆ ಮುಂಚೆ ನನಗೊಂದು ಮೆಸೇಜ್ ಹಾಕಿ.

ಹಟ್ಟಿಹೈದ

ಎರಡು ವಾರ ಬರೆಯಲಿಲ್ಲ, ಕ್ಷಮಿಸಿ. ತಂಗಿಯ ಮಾತು ಓದಿ ಮಾರನೇ ದಿನವೇ ಊರಿಗೆ ಬಂದೆ. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅವಳು ಬರೆದದ್ದೆಲ್ಲ ನಿಜ. ಮಾರಿಕಣಿವೆ ಕಥೆ ನನಗೆ ಗೊತ್ತಿತ್ತು. ಆದರೆ ಅದನ್ನು ಅಪ್ಪನ ಮಂದೆಯ ಕಥೆ ಅಂತಲೇ ನೆನಪಿಟ್ಟುಕೊಂಡಿದ್ದೆ. ಹಾಗೆ ಹೇಗಾಯಿತೋ.

ಡಿಸ್ಚಾರ್ಜ್ ಪುಸ್ತಕ ತೆಗೆದು ನೋಡಿದೆ. ಕೊಡಗಿನ ಸಾರ್ ಹೇಳಿದ ಹಾಗೇ ಆಗಿದೆ. ಅಮ್ಮನ ಹೆಸರು ತಪ್ಪು. ಒಂದಲ್ಲ, ಎರಡು ಅಕ್ಷರ. ಅಫಿಡವಿಟ್ ಮಾಡಿಸಿ ಕಾಗದ ಹಾಕಿದ್ದೇವೆ.

ಪದಕಗಳ ವಿಷಯ ಕೇಳಿದೆ. ಅಪ್ಪ ಬಂದ ವರ್ಷವೇ ಅವನ್ನು ಟ್ರಂಕಿನಲ್ಲಿ ಬಿಸಾಕಿದ್ದರಂತೆ. ಟ್ರಂಕಿಗೆ ಗೆದ್ದಲು ಹಿಡಿದಾಗ ಅಮ್ಮ ತೆಗೆದು ಲಾಳದ ಡಬ್ಬಿಗೆ ಹಾಕಿದಳು. ಯಾಕೆ ಅಲ್ಲಿ ಅಂದೆ. "ಅದೊಂದು ಡಬ್ಬಿಯನ್ನ ದಿನಾ ಯಾರಾದ್ರೂ ಮುಟ್ತಾರೆ, ಗೆದ್ದಲು ಹತ್ತಲ್ಲ" ಅಂದಳು. ಆ ಹಿತ್ತಾಳೆ ಬಕಲು ಯಾವುದರದ್ದು ಅಂತ ಅವಳಿಗೂ ಗೊತ್ತಿಲ್ಲ. ಅಪ್ಪ ವರ್ಷಕ್ಕೊಮ್ಮೆ, ಸಂಕ್ರಾಂತಿ ಹಿಂದಿನ ದಿನ, ಎತ್ತಿನ ಗೆಜ್ಜೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರಂತೆ.

ಕೊನೆಗೆ ಧೈರ್ಯ ಮಾಡಿ ರಾಸುಗಳನ್ನು ಏನು ಮಾಡೋಣ ಅಂತ ಕೇಳಿದೆ. ಅಮ್ಮ ಹುಲ್ಲು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾವ ರಾಸು?"

"ನಮ್ಮವು."

"ನಿನ್ನವು ಎಷ್ಟು ಅದರಾಗೆ?"

ನಾನು ಸುಮ್ಮನಾದೆ.

ಮೇಡಂ ಕೇಳಿದ ಲೆಕ್ಕವನ್ನು ಅವಳೇ ಬಾಯಲ್ಲಿ ಹೇಳಿದಳು, ಬರೆದುಕೊಂಡೆ. ಹಸು ಏಳು, ಅದರಲ್ಲಿ ಎರಡು ಗಬ್ಬ. ಕಡಸು ಮೂರು, ಹೋರಿಗರು ಮೂರು, ಹೋರಿ ಒಂದು. ಹೋರಿಗೆ ಆರು ವರ್ಷ ಆಯಿತು, ಬದಲಾಯಿಸಬೇಕು ಅಂತ ಅಪ್ಪನಿಗೆ ಎರಡು ವರ್ಷದಿಂದ ಹೇಳುತ್ತಿದ್ದಳಂತೆ. "ಕೇಳಲಿಲ್ಲ ನಿಮ್ಮಪ್ಪ." ಹೋರಿಗರುಗಳಲ್ಲಿ ಜೋಡಿ ಆಗುವ ಎರಡನ್ನು ಮುಂದಿನ ವರ್ಷ ಕೊಡುತ್ತಾಳಂತೆ. ಮೂರನೆಯದರ ನಡೆ ಸರಿ ಇಲ್ಲ, ಅದನ್ನು ಈ ತಿಂಗಳೇ. ಪಕ್ಕದ ಹಟ್ಟಿಯ ಹುಡುಗನನ್ನು ಸಂಬಳಕ್ಕೆ ಗೊತ್ತು ಮಾಡಿ ಆಗಿದೆ. ಸಂಬಳ ನಾನು ಕೊಡಬೇಕಂತೆ. ನನ್ನ ಪಾತ್ರ ಅಷ್ಟೇ. ಲೆಕ್ಕದವರೇ, ಬರೆದುಕೊಳ್ಳಿ, ನಷ್ಟದ ಬಾಬ್ತು.

ಮೇಡಂ, ಹೊಸ ಹೋರಿ ಎಲ್ಲಿ ನೋಡಬೇಕು ಅಂತ ನಿಮ್ಮನ್ನು ಕೇಳಲು ಹೇಳಿದ್ದಾಳೆ. ಕೋಡು ಹಿಂದಕ್ಕೆ ಬಾಗಿ ತುದಿ ಹತ್ತಿರ ಬಂದಿರಬೇಕು, ಕಣ್ಣು ಕೆಂಪಿರಬೇಕು, ಹೊಸಬರನ್ನು ಕಂಡರೆ ಹಾಯಬೇಕು. ಸಾಧು ಹೋರಿ ತೋರಿಸಿದರೆ ಬಸ್ ಚಾರ್ಜು ದಂಡ ಅಂತೆ.

ಪದಕಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕೋಣ ಅಂತ ಚಳ್ಳಕೆರೆಯಿಂದ ಗಾಜಿನ ಪೆಟ್ಟಿಗೆ ತಂದಿದ್ದೆ. ಸೋಮವಾರ ಲಾಳ ಕಟ್ಟುವವನು ಬಂದಿದ್ದ. ಸಂಜೆ ಒಳಗೆ ಹೋಗಿ ನೋಡಿದರೆ ಗಾಜಿನ ಪೆಟ್ಟಿಗೆಯಲ್ಲಿ ಹೊಸ ಲಾಳ, ಮೊಳೆ ನೀಟಾಗಿ ಜೋಡಿಸಿಟ್ಟಿವೆ. ಮುಚ್ಚಳ ಗಟ್ಟಿ ಇದೆ, ತುಕ್ಕು ಹಿಡಿಯಲ್ಲ ಅಂದಳು. ಪದಕಗಳು ಡಾಲ್ಡಾ ಡಬ್ಬಿಯಲ್ಲೇ ಇವೆ, ಬಕಲಿನ ಜೊತೆ.